ಫ್ಲ್ಯಾಶ್ ಕೊಟ್ಟು ಲೆನ್ಸ್ ತಂದಿದ್ದು

ಕಬಡ್ಡಿ ಫೋಟೋ ತೆಗಿಯೋದ್ರಾಗ ಕೊಟ್ಟೂರು, ಹಗರಿಬೊಮ್ಮನಹಳ್ಳಿ ಸೀಮ್ಯಾಗ ನನ್ನ ಸಮ ಯಾರೂ ಇರಲಿಲ್ಲ. ಜಂಬ ಅಲ್ಲ, ಇದ್ದದ್ದು ಇದ್ದಂಗ ಹೇಳ್ತೀನಿ. ತೊಂಬತ್ತರ ದಶಕದ ಕೊನಿಗೆ ಕೊಟ್ಟೂರಾಗ ಸ್ಟುಡಿಯೋ ಇಟ್ಟೋರಿಗೆಲ್ಲ ಮದುವಿ, ಸೀಮಂತ, ಪಾಸ್‌ಪೋರ್ಟ್ ಸೈಜು ಸಾಕಾಗ್ತಿತ್ತು. ನನಗೊಬ್ಬನಿಗೆ ಮಣ್ಣಾಗ ಬಿದ್ದು ಏಳೋರ ಹುಚ್ಚು ಹಿಡಿದಿತ್ತು.

ಆಟ ಶುರುವಾಗ್ತಿದ್ದದ್ದೇ ಹೊತ್ತು ಮುಳುಗಿದ ಮ್ಯಾಲೆ. ಹಗಲೆಲ್ಲಾ ಆಡೋರು ಹೊಲದಾಗ ಇಲ್ಲಾ ಕುರಿ ಹಿಂದ ಇರ್ತಿದ್ರು. ಅಂಗಳದ ಸುತ್ತ ಕಂಬ ನೆಟ್ಟು ದೀಪ ಕಟ್ಟಿದ್ರ ಮುಗೀತು. ಆ ಬೆಳಕಿಗೆ ನನ್ನ ಹಳೇ ಜೂಮ್ ಲೆನ್ಸ್ ಕುರುಡು. ರೇಡಿಗೆ ಹೋದ ಆಳು ಫೋಟೋದಾಗ ಹೊಗಿ ಎಳದಂಗ ಬರ್ತಿದ್ದ. ಕತ್ತಲಿಗೆ ಮದ್ದು ಬೆಳಕು ಅಂತ ತಿಳಕೊಂಡು ನಾನು ದಾವಣಗೆರಿಗೆ ಹೋಗಿ ಅಂಗೈ ಅಗಲದ ಫ್ಲ್ಯಾಶ್ ತಂದೆ. ನನ್ನ ಜೀವನದಾಗಿನ ದೊಡ್ಡ ದಡ್ಡತನ ಅದು.

ಆಗ ನಮ್ಮ ಕಡಿ ಎಲ್ಲಾರಿಗಿಂತ ಚಲೋ ರೇಡರ್ ಅಂದ್ರ ಮೈಲಾರದ ಹತ್ರದ ಹಳ್ಳಿಯವ. ಕುರಿ ಸಾಕೋ ಮನಿತನ, ಮೈಲಾರಲಿಂಗನ ಒಕ್ಕಲು. ಅವನು ಪಾಯಿಂಟ್ ತಗೊಂಡು ಗೆರಿ ದಾಟಿದ್ರ ಸಾಕು, ಅವನ ಊರವರು ಏಳುಕೋಟಿ ಅಂತ ಕೂಗಿ ಭಂಡಾರ ಎರಚೋರು. ಅರಿಷಿಣದ ಪುಡಿ ಅವನ ತಲಿ ಮ್ಯಾಲೆ ಮೋಡ ಆಗಿ ನಿಲ್ತಿತ್ತು. ಆ ಹೊತ್ತಿಗೆ ಸರಿಯಾಗಿ ನಾನು ಹೊಸಾ ಫ್ಲ್ಯಾಶ್ ಹೊಡದೆ. ಪ್ರಿಂಟ್ ಬಂದಾಗ ಕಲ್ಲಾಗ ಕೆತ್ತಿದಂಗಿದ್ದ ಕೈಕಾಲು ನೋಡಿ ಹಿಗ್ಗಿ ಹೀರೇಕಾಯಿ ಆದೆ. ಮಖ ಸರಿಯಾಗಿ ನೋಡಲೇ ಇಲ್ಲ. ಹಂಗ ಅವನ ಮನಿಗೆ ಕಳಿಸಿಬಿಟ್ಟೆ.

ವಾರಕ್ಕ ಅವನೇ ನನ್ನ ಸ್ಟುಡಿಯೋಕ್ಕ ಬಂದು ಸ್ಟೂಲ್ ಮ್ಯಾಲೆ ಕುಂತ. ಕೇಳಿ ಕೇಳಿ ಸಾಕಾದ ಮ್ಯಾಲೆ ಸಂಗತಿ ಹೊರಗ ಬಂತು. ಗಾಳ್ಯಾಗಿದ್ದ ಭಂಡಾರದ ಒಂದೊಂದು ಕಣಕ್ಕೂ ಫ್ಲ್ಯಾಶ್ ಬಡಿದು, ಫೋಟೋದಾಗ ಅವನ ಮಖದ ತುಂಬ ಬಿಳೇ ಗುಳ್ಳಿ ಎದ್ದಿದ್ವು. ಅವರವ್ವ ಅದನ್ನ ನೋಡಿ, ಮಗನ ಮೈಮ್ಯಾಲೆ ಅಮ್ಮ ಬರಾಕತ್ತ್ಯಾಳ, ಫೋಟೋಕ್ಕ ಮೊದಲು ಕಂಡ್ಯಾಳ ಅಂದ್ಲಂತ. ನಗಬ್ಯಾಡ್ರಿ. ಆಕಿ ಹಿರೇ ಮಗ ಸಣ್ಣಾವಿದ್ದಾಗ ಸಿಡುಬಿನಾಗ ಹೋಗಿದ್ದ. ಈ ಫೋಟೋ ನೋಡಿದಾವತ್ತಿಂದ ಮನ್ಯಾಗ ಒಗ್ಗರಣಿ ಇಲ್ಲ, ಬಾಗಿಲಿಗೆ ಬೇವಿನ ತೊಪ್ಪಲು, ಇವನು ಆಟಕ್ಕ ಹೋಗಾಂಗಿಲ್ಲ. ಹಗರಿಬೊಮ್ಮನಹಳ್ಳಿ ಟೂರ್ನಮೆಂಟಿಗೆ ಮೂರು ವಾರ ಉಳಿದಿತ್ತು.

"ಆಟ ಹೋದ್ರ ಹೋಗಲಿ ಅಣ್ಣಾ," ಅಂದ. "ಅವ್ವ ತಾಸಿಗೊಮ್ಮೆ ನನ್ನ ಮಖ ಸವರಿ ಸವರಿ ನೋಡ್ತಾಳ. ಅದನ್ನ ತಡಿಯಾಕ ಆಗವಲ್ದು."

ನನ್ನ ಮೈಯೆಲ್ಲಾ ಉರೀತು. ಅವನ ಮ್ಯಾಲಲ್ಲ, ನನ್ನ ಮ್ಯಾಲೇ. ಅವನು ವಾಪಸ್ ಹೊಂಟ ಬಸ್ಸಿಗೇ ಜೊತಿ ಹೋಗಿ ಆ ತಾಯಿ ಮುಂದ ಕುಂತು, ಅದು ಗುಳ್ಳಿ ಅಲ್ಲವ್ವಾ, ಭಂಡಾರ, ಬೆಳಕಿನ ಆಟ ಅಂತ ಗಂಟಲು ಹರಕೊಂಡೆ. ಆಕಿ ಪೂರಾ ಕೇಳಿದ್ಲು. ಹಂಗಾದ್ರ ಅದೇ ಕತ್ತಲದಾಗ, ಅದೇ ಭಂಡಾರದಾಗ ಗುಳ್ಳಿ ಇಲ್ಲದ ಫೋಟೋ ತಗದು ತೋರ್ಸು, ಆಮ್ಯಾಲೆ ನಂಬ್ತೀನಿ ಅಂದ್ಲು. ನ್ಯಾಯವಾದ ಮಾತು. ಒಪ್ಪಿಕೊಂಡೆ.

ಮರುದಿನ ದಾವಣಗೆರಿ ಅಂಗಡ್ಯಾಗ ಹೊಸಾ ಕ್ಯಾಮೆರಾ ಒಂದನ್ನ ನನ್ನ ಕೈಗೆ ಕೊಟ್ರು. ತಾನೇ ಫೋಕಸ್ ಮಾಡ್ತತಿ, ಮೋಟಾರ್ ಐತಿ, ಪಟಪಟ ಹೊಡಿತತಿ ಅಂತ ಮಾಲೀಕ ಹಾಡಿ ಹೊಗಳಿದ. ಕೈಯಾಗ ಹಿಡಕೊಂಡ್ರ ಆಸಿ ಆಗ್ತಿತ್ತು, ಸುಳ್ಳು ಯಾಕ ಹೇಳಲಿ. ಆದ್ರ ಅದರ ಮೂತಿಗೆ ಇದ್ದದ್ದು ನನ್ನ ಜೂಮಿನ ಅಣ್ಣತಮ್ಮ. ಅದನ್ನ ಎತ್ತಿಕೊಂಡು ಅವರ ಹಿಂದಿನ ಕ್ವಾಣಿಗೆ ಹೋದೆ, ದೀಪ ಆರಿಸಿ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿದೆ. ಕಾಣಲಿಲ್ಲ. ಆಮ್ಯಾಲೆ ಗಾಜಿನ ಕಪಾಟಿನ ಮೂಲ್ಯಾಗ ಬಿದ್ದಿದ್ದ ಸೆಕೆಂಡ್ ಹ್ಯಾಂಡ್ ಲೆನ್ಸ್ ಕೇಳಿದೆ. ಐವತ್ತರದ್ದು, ಒಂದು ಪಾಯಿಂಟ್ ನಾಲ್ಕು, ಅಂದ್ರ ಕಣ್ಣು ಅಗಲ, ಬೆಳಕು ಜಾಸ್ತಿ ಒಳಗ ಬಿಡ್ತತಿ. ಜೂಮ್ ಇಲ್ಲ, ಮೋಟಾರ್ ಇಲ್ಲ, ಫೋಕಸ್ ಕೈಯಾಗ ತಿರುವಬೇಕು. ನನ್ನ ಹಳೇ ಕ್ಯಾಮೆರಾಕ್ಕ ಹಾಕಿ ಅದೇ ಕತ್ತಲ ಕ್ವಾಣ್ಯಾಗ ನೋಡಿದ್ರ ಕ್ಯಾಲೆಂಡರಿನ ತಾರೀಖು ಓದಾಕ ಬಂತು. ಕಿಂಡಿ ಮುಚ್ಚಿ ಬಾಗಿಲು ತಗದಂಗಾತು. ಲೆನ್ಸಿನ ಬದಲಿಗೆ ಮಾಲೀಕಗ ನನ್ನ ಅಂಗೈ ಅಗಲದ ಫ್ಲ್ಯಾಶ್ ಕೊಟ್ಟೆ. ಫ್ಲ್ಯಾಶ್ ಇಲ್ಲದ ಫೋಟೋಗ್ರಾಫರಾ ಅಂತ ಅವ ನಕ್ಕ. ನಗಲಿ ಅಂತ, ಕಮ್ಮಿ ಬೆಳಕಿಗೆ ಹಾಕೋ ಎಂಟುನೂರರ ರೀಲು ಎರಡು ಇಸಕೊಂಡು ಬಸ್ ಹತ್ತಿದೆ.

ಸಂಜಿಮುಂದ ಅವರ ಮನಿ ಮುಂದಿನ ಕುರಿಹಟ್ಟಿ ಬಯಲಾಗ ಆಟ ಕಟ್ಟಿದ್ವಿ. ಕುರಿ ಒಂದು ಕಡಿ ಸರಿಸಿ, ಬೂದಿಲೆ ಗೆರಿ ಎಳದು, ಕಂಬಕ್ಕ ಎರಡು ಬಲ್ಬು ಕಟ್ಟಿದ್ವಿ. ಮಗನ ಆಟ ಆಕಿ ಯಾವತ್ತೂ ನೋಡಿರಲಿಲ್ಲ. ಭಂಡಾರದ ಚೀಲ ಆಕಿ ಕೈಗೇ ಕೊಟ್ಟೆ. ಈ ಲೆನ್ಸಿನಾಗ ಒಂದು ಗೇಣು ಹಿಂದುಮುಂದಾದ್ರ ಮಖ ಕಲಸಿಹೋಗ್ತತಿ. ಆದ್ರ ರೇಡರ್ ಆಗಿರೋನು ಗೆರಿ ಮುಟ್ಟಿ ತಿರುಗೋ ಮೊದಲು ಕಣ್ಣು ಮಿಟುಕಿಸೋವಷ್ಟು ಹೊತ್ತು ನಿಂತೇ ನಿಲ್ತಾನ. ಎಷ್ಟೋ ವರ್ಷ ನೋಡಿ ಕಲ್ತಿದ್ದು ಅದು. ಗೆರಿಗೆ ಫೋಕಸ್ ಮಾಡಿ ಕಾದೆ. ಅವನು ದಾಟಿದ, ಆಕಿ ಎರಚಿದ್ಲು, ಅವ ನಿಂತ, ನಾನು ಒತ್ತಿದೆ. ಒಂದೇ ಸಲ. ಬಂತು ಅಂತ ಬೆರಳಿಗೇ ಗೊತ್ತಾತು.

ನಾಕು ದಿನಕ್ಕ ಪ್ರಿಂಟ್ ತಗೊಂಡು ಹೋದೆ. ಹಳದಿ ಮಂಜಿನ ನಡುವ ಮಖ ತೊಳದಿಟ್ಟಂಗಿತ್ತು. ಆಕಿ ಬಾಗಿಲ ಬೆಳಕಿಗೆ ಹಿಡಿದು, ಹೆಬ್ಬೆಟ್ಟಿಲೆ ಕೆನ್ನಿ ಮ್ಯಾಲೆ ಸವರಿ, ಇಲ್ಲ ಅಂದ್ಲು. ಅಷ್ಟೇ. ಬೇವಿನ ತೊಪ್ಪಲು ತಾನೇ ಕಿತ್ತು ಹೊರಗ ಒಗದ್ಲು. ಲೆನ್ಸಿನ ಮಹಿಮಿ ಬಗ್ಗೆ ನಾನು ಭಾಷಣ ತಯಾರು ಮಾಡಿಕೊಂಡಿದ್ದೆ, ಕೇಳೋರು ಯಾರು? ಆಕಿ ಮಗನ ಕಡಿ ತಿರುಗಿ, ಬಲಗಡಿ ಮೂಲ್ಯಾಗಿನಾವ ಕಾಲು ಚಾಚಿ ನಿಂತಿದ್ನಲ್ಲ, ಅವನ್ನ ಯಾಕ ಮುಟ್ಟಲಿಲ್ಲ ಅಂತ ಬೈಯಾಕ ಹತ್ತಿದ್ಲು. ಹಗರಿಬೊಮ್ಮನಹಳ್ಳಿಗೆ ತಾನೂ ಬರ್ತೀನಿ ಅಂದ್ಲು.

ಹೊರಡೋ ಮುಂದ, ಆ ಹಳೇ ಫೋಟೋ ಕೊಡವ್ವಾ, ಹರದು ಒಗಿತೀನಿ, ನನ್ನ ತಪ್ಪು ಅದು ಅಂದೆ. ಆಕಿ ಗ್ವಾಡ್ಯಾಗಿನ ದೇವರ ಮಾಡದಿಂದ ಅದನ್ನ ತಗದ್ಲು. ಗುಳ್ಳಿ ತುಂಬಿದ ಆ ಮಖ ನೋಡಿಕೋತ ನಿಂತ್ಲು.

"ಇದನ್ನ ಕೊಡಾಂಗಿಲ್ಲಪ್ಪ," ಅಂದ್ಲು. "ಹಿರಿಯಾವಂದು ನನ್ನ ಹತ್ರ ಒಂದೂ ಫೋಟೋ ಇರಲಿಲ್ಲ. ಬೆಳದಿದ್ರ ಹಿಂಗ ಇರ್ತಿದ್ದ."

ಎರಡೂ ಫೋಟೋ ಇಸಕೊಂಡು ಕೊಟ್ಟೂರಿಗೆ ಬಂದು, ಒಂದೇ ಅಳತಿ ಕಟ್ಟು ಹಾಕಿಸಿ ಕಳಿಸಿದೆ.