ನೆಗಮಂನಿಂದ ತಿರುಪ್ಪೂರಿಗೆ, ಧನಂ ಜೊತೆ

ಚಾಮರಾಜನಗರ ಬಿಟ್ಟ ಬಸ್ಸು ದಿಂಬಂ ಘಾಟಿಯ ತಿರುವುಗಳನ್ನೆಲ್ಲ ಇಳಿದು ಸತ್ಯಮಂಗಲ ತಲುಪುವಷ್ಟರಲ್ಲಿ ನನ್ನ ಹೊಟ್ಟೆ ತೊಳಸಿಹೋಗಿತ್ತು. ನಿಲ್ದಾಣದಲ್ಲಿ ಒಂದು ಸೋಡಾ ಕುಡಿದು ಮತ್ತೆ ಬಂದು ಕೂತೆ. ಪಕ್ಕದಲ್ಲಿದ್ದ ಹೆಂಗಸು ಕೈಗೊಂದು ನಿಂಬೆಹಣ್ಣು ಕೊಟ್ಟು, ಮೂಸುತ್ತಿರು ಎಂದು ತಮಿಳಿನಲ್ಲಿ ಹೇಳಿದಳು. ಅಲ್ಲಿಂದ ಕೊಯಮತ್ತೂರಿನವರೆಗೂ ಅದನ್ನು ಮೂಸುತ್ತಲೇ ಹೋದೆ.

ಊರು ನೋಡಲು ಹೊರಟವಳಲ್ಲ ನಾನು. ಗಂಡನ ಮಾತು ತಲುಪಿಸಲು ಹೊರಟಿದ್ದೆ. ಒಂದೂವರೆ ತಿಂಗಳ ಹಿಂದೆ ಉತ್ತರದ ಗಡಿಯ ಬೆಟ್ಟದ ರಸ್ತೆಯಲ್ಲಿ ಸೈನಿಕರ ಲಾರಿಯ ಮೇಲೆ ದಾಳಿ ನಡೆದಾಗ ನನ್ನ ಗಂಡ ಮಹದೇವ ಅದರಲ್ಲಿದ್ದರು. ಅವರ ಕಾಲು ಮುರಿಯಿತು, ಜೀವ ಉಳಿಯಿತು. ಪಕ್ಕದಲ್ಲಿ ಕೂತಿದ್ದ ಗೆಳೆಯ ಸೌಂದರ್ ಉಳಿಯಲಿಲ್ಲ. ಆ ವಾರ ದೇಶವೆಲ್ಲ ಅತ್ತಿತು. ನಮ್ಮ ನಂಜನಗೂಡಿನಲ್ಲಿ ಅಂಗಡಿಗಳು ತಾವಾಗಿ ಬಾಗಿಲು ಹಾಕಿದವು. ನಾನು ಗಣಿತ ಕಲಿಸುವ ಶಾಲೆಯ ಮಕ್ಕಳು ಮೇಣದಬತ್ತಿ ಹಿಡಿದು ಬೀದಿಯಲ್ಲಿ ನಡೆದರು. ಮಹದೇವ ಇನ್ನೂ ಸೇನೆಯ ಆಸ್ಪತ್ರೆಯಲ್ಲಿದ್ದಾರೆ. "ಗೀತಾ, ನಾನು ಎದ್ದು ಓಡಾಡೋಕೆ ಇನ್ನೂ ತಿಂಗಳುಗಳು ಬೇಕು. ಅಷ್ಟು ದಿನ ಅವನ ಮನೆಯವರನ್ನ ಕಾಯಿಸಬಾರದು. ಅವನು ಹೇಗೆ ಹೋದ ಅಂತ ನೀನೇ ಹೋಗಿ ಹೇಳು," ಎಂದು ಫೋನಿನಲ್ಲಿ ಕೇಳಿಕೊಂಡಿದ್ದರು.

ಅವರಿಗೆ ಹೇಳದ ಇನ್ನೊಂದು ಆಸೆ ನನ್ನೊಳಗಿತ್ತು. ಕಾಲು ಸರಿಯಾದ ಮೇಲೆ ಮತ್ತೆ ಪಡೆಗೆ ಹೋಗುತ್ತೇನೆ ಎನ್ನುತ್ತಿದ್ದರು. ಸೌಂದರ್ ಮನೆಯಲ್ಲಿ ಯಾರಾದರೂ ಒಬ್ಬರು "ಕಳಿಸಬೇಡಮ್ಮಾ" ಎಂದರೆ ಸಾಕು, ಆ ಮಾತನ್ನೇ ಹಿಡಿದು ಗಂಡನನ್ನು ತಡೆಯಬಹುದು ಎಂದುಕೊಂಡಿದ್ದೆ.

ಕೊಯಮತ್ತೂರಿನ ಗಾಂಧಿಪುರದಲ್ಲಿ ಇಳಿದು, ಉಕ್ಕಡಕ್ಕೆ ಹೋಗಿ ಪೊಳ್ಳಾಚಿ ಬಸ್ಸು ಹಿಡಿದೆ. ದಾರಿಯ ಕೂಡುರಸ್ತೆಗಳಲ್ಲೆಲ್ಲ ತೀರಿಕೊಂಡ ಯೋಧರ ಫ್ಲೆಕ್ಸುಗಳು ಇನ್ನೂ ನಿಂತಿದ್ದವು. ಬಿಸಿಲಿಗೆ ಬಣ್ಣ ಮಾಸಿತ್ತು, ಆಷಾಢದ ಗಾಳಿಗೆ ಅಂಚು ಹರಿದಿತ್ತು. ಆ ಗಾಳಿ ಪಾಲಕ್ಕಾಡಿನ ಕಣಿವೆಯಿಂದ ನುಗ್ಗಿ ಬರುತ್ತದಂತೆ. ತೆಂಗಿನ ತೋಟಗಳೆಲ್ಲ ಒಂದೇ ಕಡೆಗೆ ವಾಲಿ ನಿಂತಿದ್ದವು. ಪೊಳ್ಳಾಚಿಯಲ್ಲಿ ಒಂದು ಎಳನೀರು ಕುಡಿದು ಸೌಂದರ್ ಊರಾದ ನೆಗಮಂನ ಟೌನ್ ಬಸ್ಸು ಹತ್ತಿದೆ. ಅದರಲ್ಲಿ ಹೆಂಗಸರು ಹಣ ಕೊಡಬೇಕಿಲ್ಲ. ಕಂಡಕ್ಟರ್ ಬರಿದೇ ಟಿಕೆಟು ಹರಿದು ಕೊಟ್ಟು, ನೆಗಮಂನಲ್ಲಿ ಯಾರ ಮನೆ ಎಂದು ಕೇಳಿದ. ಸೌಂದರ್ ಹೆಸರು ಹೇಳಿದೆ. ಅವನು ನಿಲ್ದಾಣಕ್ಕೆ ಮೊದಲೇ, ಅವರ ಬೀದಿಯ ಬಾಯಲ್ಲಿ ಸೀಟಿ ಊದಿ ಬಸ್ಸು ನಿಲ್ಲಿಸಿ, ನನ್ನ ಚೀಲವನ್ನು ತಾನೇ ಇಳಿಸಿಕೊಟ್ಟ.

ಬೀದಿಗೆ ಕಾಲಿಟ್ಟರೆ ಮಗ್ಗದ ಸದ್ದು. ಇಲ್ಲಿನ ಹತ್ತಿಸೀರೆಗೆ ಒಳ್ಳೆಯ ಹೆಸರಿದೆ. ನೇಯುವವರಲ್ಲಿ ಎಷ್ಟೋ ಮನೆಯವರು ತಲೆತಲಾಂತರದ ಹಿಂದೆ ಕನ್ನಡನಾಡಿನಿಂದ ಬಂದವರು. ಸೌಂದರ್ ಮನೆಯೂ ಅಂಥದ್ದೇ. ಅವರ ತಾಯಿ ರಂಗಮ್ಮಾಳ್ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು. ಬರುತ್ತೇನೆಂದು ಫೋನಿನಲ್ಲಿ ಮೊದಲೇ ತಿಳಿಸಿದ್ದೆ, ನನ್ನನ್ನು ಕಂಡವರೇ ಎದ್ದು ಬಂದು ಎರಡೂ ಕೈ ಹಿಡಿದರು.

"ಬಾ ಕಣ್ಣು, ಒಳಾಕೆ ಬಾ. ಅಷ್ಟು ದೂರದಿಂದ ಒಬ್ಳೇ ಬಂದ್ಯಾ?"

ನಾನು ಊರಿನಿಂದಲೇ ಸಂತಾಪದ ಮಾತುಗಳನ್ನು ಹೊಂದಿಸಿಕೊಂಡು ಬಂದಿದ್ದೆ, ಹಾಗೇ ಒಪ್ಪಿಸಿದೆ. ಅವರು ಸೊಸೆಯ ಕಡೆ ತಿರುಗಿ ನಕ್ಕರು. "ಕೇಳ್ದ್ಯಾ ಧನಂ, ಇವ್ಳ ಕನ್ನಡ ಪುಸ್ತಕದ್ದು. ನಮ್ದು ಮಗ್ಗದ ಗುಂಡೀದು." ಮಗ ತೀರಿಕೊಂಡ ಮನೆಯಲ್ಲಿ ನಗು ಕೇಳುತ್ತೇನೆಂದು ನಾನು ಎಣಿಸಿರಲಿಲ್ಲ. ನನಗೂ ನಗು ಬಂತು. ದಾರಿಯುದ್ದಕ್ಕೂ ಇದ್ದ ಭಯ ಅರ್ಧ ಇಳಿಯಿತು.

ಧನಂ ಸೌಂದರ್ ಹೆಂಡತಿ. ಮೂವತ್ತರ ಹೆಣ್ಣು, ಸಣ್ಣ ಮೈ, ನೇರ ನೋಟ. ಮದುವೆಗೆ ಮೊದಲಿನಿಂದಲೂ ತಿರುಪ್ಪೂರಿನ ಒಂದು ಬನಿಯನ್ ಯೂನಿಟ್‌ನಲ್ಲಿ ಚೆಕಿಂಗ್ ಕೆಲಸ ಮಾಡುತ್ತಿದ್ದಾಳೆ. ಹೊಲಿದು ಬಂದ ಬನಿಯನ್ನುಗಳನ್ನು ಮೇಜಿನ ಮೇಲೆ ಹರವಿ, ತೂತು, ಕಲೆ, ಹೊಲಿಗೆ ತಪ್ಪಿದ್ದು ಇದ್ದರೆ ಬದಿಗೆ ಹಾಕುವುದು ಅವಳ ಕೆಲಸ. ಅವಳಿಗೂ ಅತ್ತೆಗೂ ಕನ್ನಡ ಓದಲು ಬಾರದು, ಆಡುವುದು ಮಾತ್ರ ಕನ್ನಡವೇ.

ಸಂಜೆ ಅಕ್ಕಿ ಬೇಳೆ ಸೇರಿಸಿ ಬೇಯಿಸಿದ ಅನ್ನಕ್ಕೆ ತುಪ್ಪ ಹಾಕಿ ಬಡಿಸಿದರು. ಉಂಡ ಮೇಲೆ ಹೇಳತೊಡಗಿದೆ. ಮೊದಲು ಮಹದೇವ ಯಾವಾಗಲೂ ಹೇಳುತ್ತಿದ್ದ ಕಥೆ. ಆರು ತಿಂಗಳು ಅವರೂ ಸೌಂದರೂ ಹಿಂದಿಯಲ್ಲೇ ಮಾತಾಡಿಕೊಂಡಿದ್ದರಂತೆ. ಒಂದು ದಿನ ಸೌಂದರ್ ಫೋನಿನಲ್ಲಿ "ಉಂಡ್ಯಾಮ್ಮಾ?" ಎಂದದ್ದು ಕಿವಿಗೆ ಬಿದ್ದು, ಮಹದೇವ ಬೂಟು ಒರೆಸುತ್ತಿದ್ದ ಬಟ್ಟೆಯನ್ನು ಸೌಂದರ್ ಮೇಲೆ ಎಸೆದು, "ಲೋ, ಇಷ್ಟು ದಿನ ಹೇಳ್ಬಾರ್ದಾಗಿತ್ತೇನೋ!" ಎಂದರಂತೆ. ರಂಗಮ್ಮಾಳ್ ಇನ್ನೊಮ್ಮೆ ಹೇಳು ಎಂದರು. ಹೇಳಿದೆ.

ಆಮೇಲೆ ಕಷ್ಟದ ಮಾತು. ಲಾರಿಗೆ ಬೆಂಕಿ ಹತ್ತಿದಾಗ ಅವರಿಬ್ಬರನ್ನೂ ಹೊರಗೆ ಎಳೆದದ್ದು ಡ್ರೈವರ್ ಅಶ್ರಫ್, ಕೇರಳದ ಹುಡುಗ. ಅಶ್ರಫ್ ಅವರ ಎರಡೂ ಕೈ ಸುಟ್ಟು, ಈಗ ಮಹದೇವರ ಪಕ್ಕದ ಹಾಸಿಗೆಯಲ್ಲೇ ಇದ್ದಾರೆ. ಸೌಂದರ್ ಕೊನೆಯವರೆಗೂ ಮಹದೇವರ ತೊಡೆಯ ಮೇಲೆ ತಲೆಯಿಟ್ಟುಕೊಂಡಿದ್ದರು. "ಅವರು ಒಬ್ಬರೇ ಇರಲಿಲ್ಲ. ಅದನ್ನು ತಪ್ಪದೆ ಹೇಳು ಅಂತ ಇವರು ಹೇಳಿದ್ದರು," ಎಂದೆ.

ಧನಂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ತುಂಬ ಹೊತ್ತು ಅತ್ತಳು. ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತರು. ಕೊನೆಗೆ ಧನಂ ಮುಖ ಒರೆಸಿಕೊಂಡು, "ಅಶ್ರಫ್ ಅಣ್ಣ ನಮ್ಮನೇಲಿ ಉಂಡವ್ರು ಅಕ್ಕಾ. ರಜಕ್ಕೆ ಬಂದ್ರೆ ಇಬ್ರೂ ಕೊಯಮತ್ತೂರು ತನಕ ಒಂದೇ ರೈಲು. ಅವ್ರ ಕೈ ವಾಸಿಯಾಗ್ತದಾ?" ಎಂದು ಕೇಳಿದಳು. ಆಗುತ್ತದಂತೆ, ನಿಧಾನಕ್ಕೆ ಎಂದೆ. ನನ್ನ ಗಂಡ ಮತ್ತೆ ಹೋಗುವ ವಿಷಯವನ್ನು ಅವತ್ತು ಎತ್ತಲು ಆಗಲಿಲ್ಲ.

ಮರುದಿನ ಧನಂ ಮತ್ತೆ ಕೆಲಸಕ್ಕೆ ಹೋಗುವ ಮೊದಲ ದಿನ. ನಾನೂ ತಿರುಪ್ಪೂರಿನ ಮೇಲಿಂದಲೇ ಊರಿಗೆ ಮರಳಬಹುದಿತ್ತು. "ಜೊತೇಲಿ ಬನ್ನಿ ಅಕ್ಕಾ, ಒಳಗೆ ಕಾಲಿಡೋ ತನಕ ಯಾರಾದ್ರೂ ಇದ್ರೆ ಧೈರ್ಯ," ಎಂದಳು. ಬೆಳಗಿನ ಬಸ್ಸಿನಲ್ಲಿ ಕಾಮನಾಯಕನಪಾಳಯ ದಾಟಿ ಪಲ್ಲಡಂ ಕಡೆಗೆ ಹೊರಟೆವು. ಬಯಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಅವುಗಳ ನಡುವೆ ಉದ್ದುದ್ದ ಕೋಳಿಸಾಕಣೆಯ ಶೆಡ್ಡುಗಳು. ಪಲ್ಲಡಂನಲ್ಲಿ ಕೆಲಸದವರು ಒಮ್ಮೆಲೇ ಹತ್ತಿ ಬಸ್ಸು ತುಂಬಿತು. ತಮಿಳು, ಹಿಂದಿ, ಒಡಿಯಾ, ಬಂಗಾಳಿ ಎಲ್ಲ ಒಟ್ಟಿಗೆ ಕಿವಿಗೆ ಬಿದ್ದವು. ತಿರುಪ್ಪೂರಿನವರೆಗೂ ನನ್ನ ಹೆಗಲ ಮೇಲೆ ಒಂದು ಒಡಿಯಾ ಹುಡುಗಿಯ ಊಟದ ಡಬ್ಬಿ ಒರಗಿಕೊಂಡಿತ್ತು.

ಯೂನಿಟ್ ಒಂದು ಓಣಿಯ ಕೊನೆಯಲ್ಲಿತ್ತು. ಧನಂ ಒಳಗೆ ಬಂದದ್ದನ್ನು ಕಂಡು ಯಂತ್ರಗಳು ಒಂದೊಂದಾಗಿ ನಿಂತವು. ಹುಡುಗಿಯರು ಬಂದು ಅವಳನ್ನು ತಬ್ಬಿಕೊಂಡರು. ಓನರ್ ತಂಗವೇಲು, ಐವತ್ತು ದಾಟಿದವರು, ತಮ್ಮ ಗಾಜಿನ ಕೋಣೆಯಿಂದ ಎದ್ದು ಬಂದರು. ಯೂನಿಟ್‌ನಲ್ಲಿ ನಡೆದ ಮಾತೆಲ್ಲ ತಮಿಳು. ನನಗೆ ತಿಳಿದಷ್ಟನ್ನು ಕನ್ನಡದಲ್ಲಿ ಕೊಡುತ್ತೇನೆ.

"ಇನ್ನೂ ಹತ್ತು ದಿನ ಇದ್ದು ಬರಬಹುದಿತ್ತಲ್ಲಮ್ಮಾ," ಎಂದರು ಅವರು.

"ಮನೇಲಿ ಕೂತ್ರೆ ಬರೀ ಯೋಚ್ನೆ ಅಣ್ಣಾ," ಎನ್ನುತ್ತ ಧನಂ ತನ್ನ ಮೇಜಿಗೆ ಹೋದಳು. ಅಲ್ಲಿ ಬಿಳಿ ಟೀಶರ್ಟುಗಳ ಕಟ್ಟು ಕಾದಿತ್ತು. ಮೇಲಿನದನ್ನು ಹರವಿದಳು. ಎದೆಯ ಮೇಲೆ ಸಮವಸ್ತ್ರದಲ್ಲಿ ನಗುತ್ತಿದ್ದ ಸೌಂದರ್, ಹಿಂದೆ ರಾಷ್ಟ್ರಧ್ವಜ. ತಂಗವೇಲು, "ಆಗಸ್ಟ್ ಹದಿನೈದರ ಮೆರವಣಿಗೆಗೆ ಒಂದು ಯುವಕರ ಸಂಘದವರು ಕೊಟ್ಟ ಆರ್ಡರು. ನೋಡಿ ನಿನಗೆ ಹೆಮ್ಮೆ ಆಗ್ತದೆ ಅಂದ್ಕೊಂಡೆ," ಎಂದರು.

ಧನಂ ಬೆರಳು ಚಿತ್ರದ ಕೆಳಗಿನ ಸಾಲಿನ ಮೇಲೆ ನಿಂತಿತ್ತು. ನಮ್ಮದೇ ದೇಶದ ಒಂದು ಸಮುದಾಯದ ಹೆಸರು ಹೇಳಿ, ಅವರನ್ನು ಓಡಿಸಿ ಎಂಬ ಮಾತು ದಪ್ಪಕ್ಷರದಲ್ಲಿತ್ತು. ಅದನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

ಅವಳು ತಲೆಯೆತ್ತಿ ಅಚ್ಚಿನ ಮೇಜಿನ ಕಡೆ ನೋಡಿದಳು. ಅಲ್ಲಿದ್ದವರು ಕಾಜಾ ಭಾಯ್, ಆ ಯೂನಿಟ್‌ನಲ್ಲಿ ಅವಳಿಗಿಂತ ಹಳಬರು. "ಭಾಯ್, ಇದನ್ನ ನೀವೇ ಅಚ್ಚು ಹಾಕಿದ್ರಾ?"

"ಕೊಟ್ಟ ಕೆಲಸ ತಾನೇ ತಾಯೀ," ಎಂದರು ಅವರು, ಕೈಗೆ ಮೆತ್ತಿದ್ದ ಬಣ್ಣ ಒರೆಸುತ್ತ. "ನಿನ್ನ ಗಂಡನ ಮುಖ ಚೆನ್ನಾಗಿ ಬರ್ಲಿ ಅಂತ ಕಣ್ಣಿಟ್ಟು ಹಾಕ್ದೆ. ಕೆಳಗಿನ ಸಾಲು ಬಂದಾಗ ಕಣ್ಣು ಮುಚ್ಕೊಂಡೆ."

ಧನಂ ಆ ಟೀಶರ್ಟನ್ನು ಮಡಿಸಿ, ಹಾಳಾದವನ್ನು ಹಾಕುವ ಬುಟ್ಟಿಯ ಪಕ್ಕ ಇಟ್ಟಳು. ಎರಡನೆಯದನ್ನೂ ಇಟ್ಟಳು, ಮೂರನೆಯದನ್ನೂ. ತಂಗವೇಲು ಗಾಬರಿಯಾದರು.

"ಏನಮ್ಮಾ ಇದು? ಹೊಲಿಗೆ ಸರಿಯಾಗೇ ಇದೆಯಲ್ಲ?"

"ಸಾಲು ಸರಿ ಇಲ್ಲ ಅಣ್ಣಾ. ಇದು ನನ್ನ ಮೇಜು ದಾಟಿ ಹೋಗೋದಿಲ್ಲ."

"ನಾನು ಮಾಡದಿದ್ರೆ ಪಕ್ಕದ ಯೂನಿಟ್‌ನವರು ಮಾಡ್ತಾರೆ."

"ನಮ್ಮನೆಯವ್ರ ಮುಖ ಇದಕ್ಕೆ ಹಾಕ್ಬೇಡಿ ಅಂತ ನಾನು ಅಲ್ಲಿಗೂ ಹೋಗಿ ಹೇಳ್ತೀನಿ. ನೀವು ಹೇಳಿ, ಅಶ್ರಫ್ ಅಂತ ಒಬ್ರು ಬೆಂಕಿಗೆ ಕೈ ಹಾಕಿ ಇವ್ರನ್ನ ಹೊರಗೆ ಎಳೆದವ್ರೆ. ನಾಳೆ ಆ ಕೈ ಹಿಡ್ಕೊಂಡು ನಮ್ಮನೆ ಬಾಗ್ಲಿಗೆ ಬಂದ್ರೆ ನಾನು ಯಾವ ಮುಖ ತೋರಿಸ್ಲಿ?"

ತಂಗವೇಲು ನನ್ನ ಕಡೆ ನೋಡಿದರು. ನಾನು ಯಾರೆಂದು ಧನಂ ಹೇಳಿದಳು. ಹರುಕು ತಮಿಳಿನಲ್ಲೇ, "ನಿಜ, ಅವರು ನನ್ನ ಗಂಡನ ಪಕ್ಕದ ಹಾಸಿಗೆಯಲ್ಲಿದ್ದಾರೆ," ಎಂದೆ. ಅವರು ಕೋಣೆಗೆ ಹೋಗಿ ಸಂಘದವರಿಗೆ ಫೋನು ಮಾಡಿದರು.

ಆರ್ಡರು ಕೊಟ್ಟ ಯುವಕ ಬೈಕಿನಲ್ಲಿ ತಾನೇ ಬಂದ. ಬಾಗಿಲಿನಿಂದಲೇ ದನಿ ಎತ್ತಿದವನು, ಎದುರಿಗಿದ್ದವಳು ಯಾರೆಂದು ತಿಳಿದು ಚಪ್ಪಲಿ ಕಳಚಿ ಒಳಗೆ ಬಂದ. ಆದರೂ ವಾದ ಬಿಡಲಿಲ್ಲ.

"ಅಕ್ಕಾ, ಇದನ್ನ ಅಣ್ಣನ ಮೇಲಿನ ಅಭಿಮಾನಕ್ಕೆ ಮಾಡಿದ್ದು. ನಮ್ಮ ರಕ್ತ ಕುದೀತಿದೆ."

"ನಂದು ಕುದೀಲಿಲ್ವಾ ತಮ್ಮಾ?" ಎಂದಳು ಧನಂ. ದನಿ ಏರಿರಲಿಲ್ಲ. ಹೊಲಿಯುತ್ತಿದ್ದವರೆಲ್ಲ ಕೈ ನಿಲ್ಲಿಸಿ ಕೇಳುತ್ತಿದ್ದರು. "ಕೊಂದವ್ರ ಮೇಲೆ ನಂಗೂ ಕೋಪ ಇದೆ. ಅವ್ರನ್ನ ಹಿಡೀಲಿ, ಶಿಕ್ಷೆ ಕೊಡ್ಲಿ. ಆದ್ರೆ ಕಾಜಾ ಭಾಯ್ ಏನು ಮಾಡಿದ್ರು? ನಮ್ಮನೆಯವ್ರು ದೇಶದ ಜನರನ್ನ ಓಡ್ಸೋಕೆ ಹೋಗಿರ್ಲಿಲ್ಲ. ಕಾಯೋಕೆ ಹೋಗಿದ್ರು. ಅಭಿಮಾನ ಇದ್ರೆ ಹೆಸ್ರು ಹಾಕು, ಬಾವುಟ ಹಾಕು. ನಾನೇ ನಿನ್ನ ಮೆರವಣಿಗೇಲಿ ಮುಂದೆ ನಡೀತೀನಿ."

ಆ ಯುವಕ ಟೀಶರ್ಟನ್ನು ಕೈಯಲ್ಲಿ ಹಿಡಿದು ಚಿತ್ರವನ್ನೇ ನೋಡುತ್ತ ನಿಂತ. ಫೋನು ಹಿಡಿದು ಓಣಿಗೆ ಹೋಗಿ ಸಂಘದವರ ಜೊತೆ ಬಹಳ ಹೊತ್ತು ಜಗಳವಾಡಿದ. ಅವನ ದನಿ ಒಳಗೂ ಕೇಳುತ್ತಿತ್ತು. "ಅಕ್ಕ ಇಲ್ಲೇ ನಿಂತವ್ರೆ, ನೀನು ಬಂದು ಹೇಳು ನೋಡೋಣ!" ಎಂದು ಕೂಗಿದ್ದು ನನಗೂ ಅರ್ಥವಾಯಿತು. ಒಳಗೆ ಬಂದವನೇ ತಂಗವೇಲುಗೆ, "ಬರೀ ಹೆಸ್ರು, ಬಾವುಟ ಹಾಕಿ ಅಣ್ಣಾ," ಎಂದ. ಆಮೇಲೆ ಕಾಜಾ ಭಾಯ್ ಮುಂದೆ ನಿಂತು ಏನೋ ಹೇಳಿದ. ನನಗೆ ಕೇಳಿಸಲಿಲ್ಲ. ಅವರು ಅವನ ತೋಳು ತಟ್ಟಿದರು.

ಆಗಲೇ ಅಚ್ಚಾಗಿದ್ದವನ್ನು ಏನು ಮಾಡುವುದು? ಹಾಳಾದ ಬಟ್ಟೆಯನ್ನು ಇಲ್ಲಿ ಯಂತ್ರ ಒರೆಸಲು ಮಾರುತ್ತಾರೆ. ಹುಡುಗಿಯರು ಕತ್ತರಿ ಹಿಡಿದು ಕೂತು ಆ ಸಾಲುಗಳನ್ನು ಕತ್ತರಿಸಿ ಹಾಕಿದರು. ಮುಖವಿದ್ದ ಭಾಗವನ್ನು ವೇಸ್ಟಿಗೆ ಹಾಕಲು ಯಾರಿಗೂ ಕೈ ಬರಲಿಲ್ಲ. ಮಡಿಸಿ ಧನಂಗೆ ಕೊಟ್ಟರು. ತಂಗವೇಲು ಹೊಸ ಅಚ್ಚಿಗೆ ಹೊಸ ಬಟ್ಟೆ ತೆಗೆಸಿದರು. ಅವರಿಗೆ ನಷ್ಟವಾಗಿದ್ದು ನಿಜ. ಆ ಬಗ್ಗೆ ಸ್ವಲ್ಪ ಗೊಣಗಿದರು ಕೂಡ. ಆದರೆ ಸಂಜೆ ಕೆಲಸ ಮುಗಿದಾಗ, ಹೊಸದಾಗಿ ಬಂದವುಗಳಲ್ಲಿ ಒಬ್ಬೊಬ್ಬರೂ ಒಂದೊಂದು ತೆಗೆದುಕೊಳ್ಳಿ ಎಂದರು.

ಅವರೆಲ್ಲ ಅಲ್ಲೇ ಉಟ್ಟ ಬಟ್ಟೆಯ ಮೇಲೆ ಅದನ್ನು ತೊಟ್ಟುಕೊಂಡು ಓಣಿಗೆ ಇಳಿದರು. ಸೀರೆಯ ಮೇಲೆ, ಚೂಡಿದಾರದ ಮೇಲೆ, ಕಾಜಾ ಭಾಯ್ ಅಂಗಿಯ ಮೇಲೆ ಎಲ್ಲ ಕಡೆ ಸೌಂದರ್ ಹೆಸರು. ಟೀ ಅಂಗಡಿಯವನು, ಇದು ಯಾರು ಎಂದು ಕೇಳಿದ. ಬಸ್ಸಿನಲ್ಲಿ ನನ್ನ ಹೆಗಲಿಗೆ ಡಬ್ಬಿ ಒರಗಿಸಿದ್ದವಳಂಥವಳೇ ಒಬ್ಬ ಒಡಿಯಾ ಹುಡುಗಿ, ತನಗೆ ಬಂದಷ್ಟು ತಮಿಳಿನಲ್ಲಿ, "ನಮ್ಮ ಧನಕ್ಕನ ಮನೆಯವರು," ಎಂದಳು. ಅವನು ಹಣ ಕೇಳದೆ ಅವರಿಗೆಲ್ಲ ಟೀ ಕೊಟ್ಟ.

ನಾನು ಹೊರಡಬೇಕಿತ್ತು. ಧನಂ ಬಸ್ ನಿಲ್ದಾಣದವರೆಗೆ ಬಂದಳು. ಅಲ್ಲಿ ಕೊನೆಗೂ ಕೇಳಿದೆ. "ಇವರು ಮತ್ತೆ ಹೋಗ್ತೀನಿ ಅಂತಾರೆ ಧನಂ. ನಾನು ಏನು ಹೇಳಲಿ?"

"ಹೋಗ್ಲಿ ಅಂತ ನಾನು ಹೇಳ್ಲಾರೆ ಅಕ್ಕಾ. ಬೇಡ ಅಂತಾನೂ ಹೇಳ್ಲಾರೆ. ಆದ್ರೆ ನನ್ನ ನೋಡಿ ಭಯ ಪಟ್ಟು ಹೇಳ್ಬೇಡಿ. ನಂಗೆ ಅವ್ರು ಇಲ್ಲ ಅನ್ನೋ ದುಃಖ ಇದೆ. ಪಡೆಗೆ ಹೋದ್ರಲ್ಲ ಅಂತ ವರುತ್ತ ಇಲ್ಲ." ವರುತ್ತ ಎಂದರೆ ಅವರ ಮಾತಿನಲ್ಲಿ ಕೊರಗು.

ಬಸ್ಸು ಅವಿನಾಶಿ ದಾಟಿದ ಮೇಲೆ ಮಹದೇವರಿಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಫೋನನ್ನು ಸ್ಪೀಕರಿಗೆ ಹಾಕಿ, ಪಕ್ಕದ ಅಶ್ರಫ್‌ಗೆ ಹಿಂದಿಯಲ್ಲಿ ಹೇಳುತ್ತ ಹೋದರು. ನಾನು ಮುಗಿಸಿದಾಗ ಅಶ್ರಫ್ ಮೂಗೆಳೆದುಕೊಳ್ಳುವ ಸದ್ದು ಕೇಳಿತು.

"ಚೆನ್ನಾಗಿ ನಡೆಯೋದನ್ನ ಕಲಿತುಕೊಳ್ಳಿ," ಎಂದೆ ಗಂಡನಿಗೆ. "ಕುಂಟುತ್ತ ಪಡೆಗೆ ಹೋಗೋಕೆ ನಾನು ಬಿಡೋದಿಲ್ಲ. ನೆಟ್ಟಗೆ ನಡೆದ ದಿನ ಮೈಸೂರಿಗೆ ಬಂದು ನಾನೇ ರೈಲು ಹತ್ತಿಸ್ತೀನಿ."