ಟ್ಯಾಂಪಿಯಸ್ ತಿಕ್ಕಿದ ಸುಣ್ಣ

ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡವೇ! ರೋಮಿನ ಅಗಸ ಟ್ಯಾಂಪಿಯಸ್‌ಗೆ ಅದಿರಲಿಲ್ಲ. ವಿಬಿಡಿಯಸ್ ಅವನ ಓರಗೆಯವನು, ಒಂದೇ ಓಣಿಯವನು. ಇಬ್ಬರೂ ಒಂದೇ ಪಡೆಯಲ್ಲಿ ಈಟಿ ಹಿಡಿದವರು. ಆಮೇಲೆ ವಿಬಿಡಿಯಸ್ ಒಂದೊಂದೇ ಪದವಿ ಏರುತ್ತ ಹೋದ. ಟ್ಯಾಂಪಿಯಸ್ ಅಪ್ಪನ ಅಂಗಡಿಯಲ್ಲೇ, ಕೊಳೆ ಬಿಡಿಸಲು ಉಚ್ಚೆ ತುಂಬಿಟ್ಟ ತೊಟ್ಟಿಗಿಳಿದು ಊರವರ ಬಟ್ಟೆ ತುಳಿಯುತ್ತ ಉಳಿದ. ಯಾರಾದರೂ ವಿಬಿಡಿಯಸ್ಸನನ್ನು ಹೊಗಳಿದರೆ ಸಾಕು, ಇವನಿಗೆ ಮೈಯೆಲ್ಲ ಉರಿ.

ಈ ಸಲ ಆ ಮಹಾರಾಯ ರೋಮಿನ ಎಲ್ಲಕ್ಕೂ ಮೇಲಿನ ಕಾನ್ಸಲ್ ಪದವಿಗೇ ನಿಂತ. ಚುನಾವಣೆಗೆ ನಿಂತವನು ಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ ಉಣ್ಣೆಯ ಹೊದಿಕೆ, ಟೋಗಾ, ಹೊದ್ದು ಚೌಕದಲ್ಲಿ ಜನರ ಕೈ ಹಿಡಿಯಬೇಕು. ಆ ಟೋಗಾ ಬಂದದ್ದು ಟ್ಯಾಂಪಿಯಸ್ಸನ ಅಂಗಡಿಗೇ, ಅದೂ ಆಳಿನ ಕೈಯಲ್ಲಿ.

"ನೋಡಿದ್ರಾ, ನಿಮ್ಮನ್ನ ಮರೆತಿಲ್ಲ," ಎಂದಳು ಹೆಂಡತಿ ರೂಬ್ರಿಯ.

"ಬಾಯ್ಮುಚ್ಚೇ! ತಾನೇ ಬರೋಕೆ ಕಾಲು ಬಿದ್ದೋಗಿತ್ತಾ ಅವನಿಗೆ?"

ಸೀಮೆಸುಣ್ಣದ ಪುಡಿ ತಿಕ್ಕಿದ ಮೇಲೆ ನೀರು ಚಿಮುಕಿಸಿ ಅದುಮಬೇಕು. ಆಗಲೇ ಅದು ಉಣ್ಣೆಯಲ್ಲಿ ನಿಲ್ಲುವುದು. ಟ್ಯಾಂಪಿಯಸ್ ಬೇಕೆಂದೇ ಒಂದಕ್ಕೆರಡು ಪಾಲು ಪುಡಿ ತಿಕ್ಕಿ, ನೀರು ಸೋಕಿಸದೆ ಹಾಗೇ ಮಡಿಸಿ ಕಳಿಸಿದ. ಉದುರಲಿ, ಊರೆಲ್ಲ ನಗಲಿ, ಅವನು ಸೋತು ಮೂಲೆ ಸೇರಲಿ!

ಉದುರಿತು. ಕೈ ಹಿಡಿದವರ ತೋಳು, ತಬ್ಬಿದವರ ಎದೆ ಎಲ್ಲ ಬೆಳ್ಳಗೆ. ಚೌಕದ ಅಂಚಿನಲ್ಲಿ ನಿಂತು ಟ್ಯಾಂಪಿಯಸ್ ಕಣ್ತುಂಬ ನೋಡಿದ. ಒಂದಿಬ್ಬರು ಗೊಳ್ಳೆಂದು ನಕ್ಕರು ಕೂಡ. ಅಷ್ಟರಲ್ಲಿ ಮಾಂಸ ಮಾರುವವನೊಬ್ಬ ಎದೆಯುಬ್ಬಿಸಿ, "ನಗ್ತೀರೇನ್ರೋ? ಅವನು ನನ್ನ ತಬ್ಕೊಂಡ ಗುರುತು ಕಣ್ರೋ ಇದು!" ಎಂದುಬಿಟ್ಟ. ಆಮೇಲೆ ಕೇಳಬೇಕೇ! ಸುಣ್ಣ ಹತ್ತಿಸಿಕೊಳ್ಳಲು ನೂಕುನುಗ್ಗಲು. ಹತ್ತಿದವರು ಕೊಡವಿಕೊಳ್ಳಲೂ ಒಲ್ಲರು. ಮತದ ದಿನವೂ ಅದೇ ಟೋಗಾ, ಅದೇ ಗಲಾಟೆ. ವಿಬಿಡಿಯಸ್ ಭರ್ಜರಿಯಾಗಿ ಗೆದ್ದ.

ಕೆಲಸದ ಬಟ್ಟೆಯಲ್ಲೇ ಮತ ಹಾಕಲು ಹೋಗಿದ್ದ ಟ್ಯಾಂಪಿಯಸ್, ಹಲ್ಲು ಕಡಿಯುತ್ತ ಓಣಿಗೆ ಮರಳಿದ. ಅವನ ಮತ ಬಿದ್ದದ್ದು ವಿಬಿಡಿಯಸ್ಸನ ಎದುರಾಳಿಗೇ. ಎದುರುಮನೆಯ ರೊಟ್ಟಿ ಅಂಗಡಿಯವನು ಇವನನ್ನು ಮೇಲಿಂದ ಕೆಳಗೆ ನೋಡಿ ಬಾಯಿ ಬಿಟ್ಟ.

"ಅಬ್ಬಬ್ಬಾ, ಟ್ಯಾಂಪಿಯಸ್ಸಣ್ಣ! ನಮಗೆಲ್ಲ ಒಂದು ತೋಳು ಬೆಳ್ಳಗಾಗೋದೇ ಕಷ್ಟ ಆಯ್ತು, ನಿನ್ನ ಮೈತುಂಬ ಸುಣ್ಣ! ಹಳೇ ಸ್ನೇಹ ಅಂದ್ರೆ ಹಿಂಗಿರ್ಬೇಕು ನೋಡು."

ರೂಬ್ರಿಯ ಬಾಗಿಲಿಗೆ ಓಡಿ ಬಂದಳು. "ಹೌದೇನ್ರೀ? ತಬ್ಕೊಂಡ್ನಾ?"

ದಿನದಿನದ ಕೆಲಸದ ಪುಡಿ ಅದು. ಪಡೆ ಬಿಟ್ಟಂದಿನಿಂದ ವಿಬಿಡಿಯಸ್ ಇವನ ಬೆರಳು ಕೂಡ ಮುಟ್ಟಿರಲಿಲ್ಲ. ಓಣಿಯವರೆಲ್ಲ ಇವನನ್ನೇ ನೋಡುತ್ತಿದ್ದರು, ಅವರ ಕಣ್ಣಲ್ಲಿ ಹೊಟ್ಟೆಕಿಚ್ಚು.

"ಹೂಂ ಕಣೇ," ಎಂದ ಟ್ಯಾಂಪಿಯಸ್. "ಬಿಡ್ಲೇ ಇಲ್ಲ."