ಮೊರದಲ್ಲಿ ಬೆರೆತ ಪಾಚಿ

ನಾನು ಓದಿದ್ದು ಮೂರನೇ ಕ್ಲಾಸು. ನನ್ನ ಮೊಮ್ಮಗಳು ಮಂಡ್ಯದ ಕಾಲೇಜಿನಲ್ಲಿ ಪಾಚಿ ಓದುತ್ತಾಳೆ. ಇದನ್ನು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದ್ದೇನೆ.

ಮದ್ದೂರು, ಮಳವಳ್ಳಿ ಕಡೆಯ ಗೋಡೆಗಳಿಂದ ಅವಳು ಕೆರೆದು ತಂದ ಪಾಚಿ ಒಂದೇ ಕುಲದ್ದಂತೆ, ಅದರಲ್ಲಿ ಮೂರು ಬಗೆಯಂತೆ. ಮೂರು ಪೊಟ್ಟಣ ಕಟ್ಟಿಕೊಂಡು ಭಾನುವಾರ ನಮ್ಮೂರು ಹೊಳಲಿಗೆ ಬಂದಳು. ಮಾರನೆಯ ದಿನ ಮೇಷ್ಟ್ರಿಗೆ ಒಪ್ಪಿಸಬೇಕಿತ್ತು. ಪೊಟ್ಟಣ ತೇವವಾಗಿದ್ದವು. ಬೂಸು ಹಿಡಿದೀತೆಂದು ನಾನು ಮೂರನ್ನೂ ಒಂದೇ ಮೊರಕ್ಕೆ ಸುರಿದು, ಸಂಡಿಗೆಯ ಹಾಗೆ ಬಿಸಿಲಿಗಿಟ್ಟೆ.

ಸ್ನಾನ ಮುಗಿಸಿ ಬಂದವಳು ಮೊರ ನೋಡಿ ಅಳತೊಡಗಿದಳು. "ಏನಜ್ಜಿ ಮಾಡ್ಬುಟ್ಟೆ? ನಾಳಿಕ್ಕೆ ಏನ್ ತೋರುಸ್ಲಿ?"

"ಅಳ್ಬೇಡ ಕಣವ್ವ. ಉಳ್ಳಿಕಾಳಲ್ಲಿ ಕಲ್ಲು ಆರ್ಸಿದೋಳು ನಾನು."

ಒಣಗಿದ ಮೇಲೆ ಗುರುತು ಸುಲಭವಾಯಿತು. ಒಂದರ ಎಲೆ ಚಕ್ಕುಲಿಯಂತೆ ಸುತ್ತಿಕೊಂಡಿತ್ತು, ಒಂದು ನೆಟ್ಟಗಿತ್ತು, ಒಂದರ ತುದಿಯಲ್ಲಿ ಬಿಳಿ ಕೂದಲಿತ್ತು. ಸಂಜೆಯ ಹೊತ್ತಿಗೆ ಗುಡ್ಡೆ ನಾಲ್ಕಾದವು.

"ಇರೋದೇ ಮೂರು ಕಣಜ್ಜಿ."

"ಈ ಕೂದ್ಲು ಉದ್ದ, ಆ ಕೂದ್ಲು ಮೋಟು. ನೋಡ್ಕೊ ಓಗು."

ಮೇಷ್ಟ್ರು ಸೂಕ್ಷ್ಮದರ್ಶಕದಲ್ಲಿ ನೋಡಿ, ನಾಲ್ಕು ಬಗೆಯೇ ಸರಿ ಎಂದರಂತೆ. ನಾಲ್ಕನೆಯದು ಯಾವ ಗೋಡೆಯದು ಎಂದೂ ಕೇಳಿದರಂತೆ. ಬೆರೆಸಿದವಳು ನಾನು, ಅವಳೇನು ಹೇಳಿಯಾಳು?

ಈಗ ಇಬ್ಬರೂ ಬಸ್ಸು ಹತ್ತಿ ಗೋಡೆ ಗೋಡೆ ಹುಡುಕುತ್ತಿದ್ದೇವೆ. ಮೊನ್ನೆ ಮಳವಳ್ಳಿಯಲ್ಲಿ ಮನೆಯಾತ ಹೊರಬಂದು, "ಕೆರೆಯೋದಾದ್ರೆ ಪೂರಾ ಕೆರ್ದುಬುಡಿ ಕಣಮ್ಮ, ಸುಣ್ಣ ಒಡೀಬೇಕು" ಅಂದ.

ಒಂದು ಚಿಟಿಕೆ ಸಾಕಪ್ಪ ಎಂದೆ.